ಹೇಳಿಲ್ಲ ಅಂದರೆ ಇಲ್ಲ ಅಂತಲ್ಲ

ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನು ಅವಳು ಬರೆದದ್ದನ್ನು ಹಿಂದಕ್ಕೆ ಕಳಿಸಿದ. ಜೊತೆಗೆ ಬರೆದದ್ದು ಒಂದೇ ಪದ: "ಹೇಳಿರದಿದ್ದರೆ?"

ಆ ಆಫೀಸಿನಲ್ಲಿ ಅವಳು ಬರೆದದ್ದನ್ನು ಹಿಂದಕ್ಕೆ ಕಳಿಸುವ ಧೈರ್ಯ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂದು ಅವಳಿಗೆ ಸಿಡುಕಿ ಎಂಬ ಹೆಸರು ನಿಂತುಹೋಗಿತ್ತು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲಾಮೇಲೆ ಎದುರಿಗೇ ಕರೆದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಚೆನ್ನಾಗಿ ಕೆಲಸ ಮಾಡುವವರಿಗೆ ಸಿಡುಕುವ ಹಕ್ಕೂ ಇರುತ್ತದೆ ಎಂದುಕೊಂಡಿದ್ದಳು.

ಆಫೀಸೆಂದರೆ ನಗರದ ಗ್ರಂಥಾಲಯಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಜಾಗ. ಊರ ತುಂಬ ಗ್ರಂಥಾಲಯದ ಶಾಖೆಗಳು, ಒಂದೊಂದಕ್ಕೂ ಅಲ್ಲಿನ ಯಂತ್ರಗಳನ್ನೆಲ್ಲ ನಡೆಸುವ ಒಂದೊಂದು ಸರ್ವರ್. ಪ್ರತಿಯೊಂದರ ಮುಂದೆ ಕೂತು ಕೈಯಾರೆ ಹೊಂದಿಸುತ್ತಾ ಹೋದರೆ ಕೆಲಸ ಮುಗಿಯುವಷ್ಟರಲ್ಲಿ ತಲೆ ಬೆಳ್ಳಗಾಗುತ್ತದೆ. ಅದಕ್ಕೇ ಅವಳು ಎಲ್ಲಕ್ಕೂ ಸೇರಿ, ಏನೇನು ಮಾಡಬೇಕೆಂದು ಯಂತ್ರಕ್ಕೆ ಹೇಳುವ ಒಂದೇ ಸ್ಕ್ರಿಪ್ಟ್ ಬರೆದಿಟ್ಟಿದ್ದಳು. ಆದರೆ ಒಂದು ಶಾಖೆ ಇನ್ನೊಂದರ ಹಾಗಿಲ್ಲವಲ್ಲ, ಹಾಗಾಗಿ ಅದರ ತುಂಬ, ಶಾಖೆಯವರು ಬರೆದುಕೊಟ್ಟ ವಿವರ ನೋಡಿ ನಡೆಯುವ ಷರತ್ತುಗಳು. ಮಕ್ಕಳ ಕೋಣೆ ಇದ್ದರೆ ಪರದೆಯ ಮೇಲೆ ದಪ್ಪ ಅಕ್ಷರ ಹಾಕು, ಇಲ್ಲದಿದ್ದರೆ ಸಣ್ಣ ಅಕ್ಷರ ಸಾಕು. ಯಂತ್ರ ಹಳೆಯದಾದರೆ ಹಗುರವಾದ ಪ್ರೋಗ್ರಾಮ್ ಹಾಕು, ಇಲ್ಲದಿದ್ದರೆ ಹೊಸದನ್ನು ಹಾಕು. ಹೀಗೆ ಸ್ಕ್ರೀನಿನ ಉದ್ದಕ್ಕೂ ಇದ್ದರೆ, ಇಲ್ಲದಿದ್ದರೆ.

ಬರೆದವರೇ ಅದನ್ನು ಓಡಿಸುವಂತಿರಲಿಲ್ಲ. ಇನ್ನೊಬ್ಬರು ಓದಿ "ಸರಿ" ಎಂದು ಒತ್ತಿದರೆ ಮಾತ್ರ ಅದು ಶಾಖೆಗಳಿಗೆ ಹೋಗಬೇಕು. ಆ ಇನ್ನೊಬ್ಬರು ಈಗ ಇವನು.

ಸಿಡುಕಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನೇರ ಅವನ ಮೇಜಿಗೆ ಹೋದಳು. ಅವನು ಪೆನ್ಸಿಲ್ ಹೆರೆಯುತ್ತಿದ್ದ. ಅವಳು ಬಂದು ನಿಂತದ್ದು ಕಂಡರೂ ಹೆರೆಯುವುದನ್ನು ಮುಗಿಸಿ, ಪುಡಿಯನ್ನು ಕಾಗದಕ್ಕೆ ಒಟ್ಟುಮಾಡಿ, ಕಾಗದ ಮಡಚಿ, ಆಮೇಲೆ ತಲೆ ಎತ್ತಿದ. ಅಷ್ಟರಲ್ಲಿ ಅವಳ ಅರ್ಧ ಆಯುಷ್ಯ ಕಳೆದುಹೋದ ಹಾಗಾಯಿತು.

"ಏನ್ರೀ ಇದು, ಹೇಳಿರದಿದ್ದರೆ ಅಂದ್ರೆ?"

"ಮಕ್ಕಳ ಕೋಣೆ ಇದೆ ಅಂದೋರಿಗೆ ಒಂದು ದಾರಿ ಇಟ್ಟಿದೀರಿ. ಇಲ್ಲ ಅಂದೋರಿಗೆ ಇನ್ನೊಂದು. ಏನೂ ಹೇಳದೆ ಸುಮ್ಮನಿರೋ ಶಾಖೆ ಎಲ್ಲಿಗೆ ಹೋಗ್ಬೇಕು?"

"ಹೇಳದೆ ಇದ್ರೆ ಇಲ್ಲ ಅಂತಲೇ ಲೆಕ್ಕ."

ಅವನು ಪೆನ್ಸಿಲಿನ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ, "ಪಾಪ," ಅಂದ.

ಆ ಒಂದು "ಪಾಪ" ಅವಳ ಮೈಯೆಲ್ಲ ಉರಿಸಿತು. ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಬಂದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಕಿವಿಗಳು ಮಾತ್ರ ಕೆಂಪಗಾದವು. ತನ್ನ ಮೇಜಿಗೆ ವಾಪಸು ಬಂದು ಕೂತ ಮೇಲೆ ಅವಳಿಗೆ ನೆನಪಿದ್ದದ್ದು ಆ ಜಗಳವಲ್ಲ, ಆ ಕಿವಿಗಳು. ಇದು ಅವಳಿಗೆ ಇನ್ನೂ ಸಿಟ್ಟು ತರಿಸಿತು.

ವಾರ ಕಳೆಯುವಷ್ಟರಲ್ಲಿ ಅವನಿಗೂ ಒಂದು ಹೆಸರು ಬಿತ್ತು: ನಿಧಾನಿ.

ಅಲ್ಲಿ ಇನ್ನೊಂದು ಪದ್ಧತಿ ಇತ್ತು. "ಸರಿ" ಎಂದು ಒತ್ತುವ ಮೊದಲು ಡ್ರೈ ರನ್ ಮಾಡಬೇಕು. ಅಂದರೆ ಸ್ಕ್ರಿಪ್ಟನ್ನು ಓಡಿಸಿದ ಹಾಗೆ ಮಾಡಿ, ನಿಜಕ್ಕೂ ಓಡಿಸಿದ್ದರೆ ಯಾವ ಶಾಖೆಗೆ ಏನಾಗುತ್ತಿತ್ತು ಎಂದು ಮೊದಲೇ ನೋಡುವುದು. ಇಬ್ಬರೂ ಒಂದೇ ಪರದೆಯ ಮುಂದೆ ಕೂತು, ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಉತ್ತರ ಹೇಳಬೇಕು. ಮ್ಯಾನೇಜರಮ್ಮ ಹಾಕಿದ ನಿಯಮ. ಕಣ್ಣಿಗೆ ತಪ್ಪಿದ್ದನ್ನು ಬಾಯಿ ಹಿಡಿಯುತ್ತದೆ ಎನ್ನುವುದು ಅವರ ನಂಬಿಕೆ.

ಹೀಗೆ ದಿನಾ ಊಟವಾದ ಮೇಲೆ ಸಿಡುಕಿ, ನಿಧಾನಿ ಇಬ್ಬರೂ ಕಿಟಕಿ ಪಕ್ಕದ ಮೇಜಿಗೆ ಕೂರುವುದಾಯಿತು. ಮಧ್ಯಾಹ್ನದ ಬಿಸಿಲು ಕೀಬೋರ್ಡಿನ ಮೇಲೆ ಅಡ್ಡಡ್ಡ ಬೀಳುತ್ತಿತ್ತು. ಅವನು ಓದುತ್ತಿದ್ದ. ಷರತ್ತುಗಳನ್ನು ಯಾರಾದರೂ ಅಷ್ಟು ಚೆನ್ನಾಗಿ ಓದಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. "ಗಡಿಯಾರದ ಚೌಕದ ಶಾಖೆ. ಯಂತ್ರ ಹಳೆಯದಾ?" ಎಂದು ಕೇಳುತ್ತಿದ್ದ. ಹಳೆಯದು ಎಂದು ಅವಳು. "ಹಾಗಾದರೆ..." ಎಂದು ಅವನು ಪರದೆಯಿಂದ ಕಣ್ಣೆತ್ತಿ ಅವಳನ್ನು ನೋಡುತ್ತಿದ್ದ. ಆ "ಹಾಗಾದರೆ"ಗೂ ಮುಂದಿನ ಮಾತಿಗೂ ನಡುವೆ ಅವನ ನೋಟ ಆರಾಮಾಗಿ ಅವಳ ಹಣೆಯಿಂದ ಇಳಿದು, ಕಣ್ಣಲ್ಲಿ ನಿಂತು, ಗಾಬರಿಯಾಗಿ ಪರದೆಗೆ ಓಡಿಹೋಗುತ್ತಿತ್ತು. ಅವಳು ಕೂದಲು ಕಿವಿಯ ಹಿಂದಕ್ಕೆ ಸರಿಸಿಕೊಂಡರೆ ಅವನಿಗೆ ಓದುತ್ತಿದ್ದ ಸಾಲು ತಪ್ಪುತ್ತಿತ್ತು. ಅದನ್ನು ಕಂಡುಕೊಂಡ ಮೇಲೆ ಅವಳ ಕೂದಲು ಯಾಕೋ ಪದೇ ಪದೇ ಮುಂದಕ್ಕೆ ಬೀಳತೊಡಗಿತು.

ಇನ್ನೂ ಒಂದು ಮಾತು. ಅವಳೀಗ ಬೇಕೆಂದೇ ತಪ್ಪು ಮಾಡುತ್ತಿದ್ದಳು. ಹೇಳದೆ ಬಿಟ್ಟ ಶಾಖೆಗಳಿಗೆ ದಾರಿ ಇಡದೆ ಕಳಿಸುತ್ತಿದ್ದಳು. ಅವನು "ಹೇಳಿರದಿದ್ದರೆ?" ಎಂದು ಹಿಂದಕ್ಕೆ ಕಳಿಸಬೇಕು, ಅವಳು ಹುಸಿಮುನಿಸಿನಿಂದ ಜಗಳಕ್ಕೆ ಹೋಗಬೇಕು, ಮತ್ತೆ ಕೂತು ಮೊದಲಿಂದ ಓದಬೇಕು. ಸಂಜೆಯವರೆಗೂ ಕಾಲ ಹೋಗುತ್ತಿತ್ತು. ಮನೆಯಲ್ಲಿ ಅಕ್ಕ ಇದನ್ನೆಲ್ಲ ಮುಖ ನೋಡಿಯೇ ಓದಿಬಿಟ್ಟಳು. ದಿನಾ ಅವನ ಸುದ್ದಿಯೇ, ಅಷ್ಟು ಹೊಗಳುವ ಬದಲು ಆ ಮನುಷ್ಯನನ್ನು ಒಂದು ಸಲ ಊಟಕ್ಕೆ ಕರೆಯಬಾರದೇ ಎಂದಳು. ಹೊಗಳಲಿಲ್ಲ, ಬೈಯುತ್ತಿದ್ದೆ ಎಂದು ಸಿಡುಕಿ ಹಾರಿಬಿದ್ದಳು. ಹೌದಮ್ಮ, ಹೊತ್ತು ಹೊತ್ತಿಗೂ ಒಬ್ಬನನ್ನೇ ಬೈಯುವುದಕ್ಕೆ ಬೇರೆ ಹೆಸರಿದೆ ಎಂದು ಅಕ್ಕ ಒಗ್ಗರಣೆ ಹಾಕಲು ಹೋದಳು.

ಶುಕ್ರವಾರ ಸಂಜೆ ಲಿಫ್ಟಿನಲ್ಲಿ ಇಬ್ಬರೇ ಇದ್ದಾಗ ಸಿಡುಕಿ ಕೇಳಿಯೇಬಿಟ್ಟಳು. ಭಾನುವಾರ ನಮ್ಮನೆಗೆ ಊಟಕ್ಕೆ ಬರ್ತೀರಾ, ಅಕ್ಕ ಭಾವ ಇರ್ತಾರೆ, ಸೈಕಲ್ ಅಂಗಡಿ ಪಕ್ಕದ ಮನೆ. ಅವನು ಲಿಫ್ಟಿನ ನಂಬರುಗಳನ್ನೇ ನೋಡುತ್ತಾ ನಿಂತ. ಲಿಫ್ಟ್ ಕೆಳಗೆ ತಲುಪಿತು, ಬಾಗಿಲು ತೆರೆಯಿತು, ಜನ ಒಳಗೆ ನುಗ್ಗಿದರು. ಅವಳು ಹೊರಗೆ ಬಂದು ಸ್ವಲ್ಪ ಕಾದಳು. ಆಮೇಲೆ ಹಿಂತಿರುಗಿ ನೋಡದೆ ಹೊರಟುಹೋದಳು.

ಆದರೂ ಭಾನುವಾರ ಅಕ್ಕ ಒಂದು ತಟ್ಟೆ ಹೆಚ್ಚಿಗೆ ಇಟ್ಟಳು. ತಟ್ಟೆ ಇಟ್ಟ ಹಾಗೆಯೇ ಇತ್ತು. ಬೀದಿ ಮೂಲೆಯ ಸೈಕಲ್ ಅಂಗಡಿ ಭಾವನದು. ಭಾವ ತಡವಾಗಿ ಊಟಕ್ಕೆ ಬಂದು, ಯಾವನೋ ಗಿರಾಕಿ ಒಂದು ಬೆಲ್ ಆರಿಸುವುದಕ್ಕೆ ಅರ್ಧ ದಿನ ತಿಂದ, ಬಾರಿಸಿದ್ದನ್ನೇ ಬಾರಿಸಿ ತಲೆ ಚಿಟ್ಟು ಹಿಡಿಸಿದ ಎಂದು ಗೊಣಗಿದರು. ಸಿಡುಕಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೇಳಲಿಲ್ಲ ಅಂದಮೇಲೆ ಇಲ್ಲ ಅಂತಲೇ, ಅಷ್ಟೂ ಗೊತ್ತಾಗದವಳೇ ನಾನು ಎಂದು ತಟ್ಟೆಯನ್ನು ಎತ್ತಿ ಒಳಗಿಟ್ಟಳು. ಎತ್ತಿಡುವಾಗ ಕಣ್ಣು ತುಂಬಿ ಬಂತು.

ಸೋಮವಾರ ನಿಧಾನಿಯ ಮೇಜಿನ ಮೇಲೆ ಹೊಳೆಯುವ ಒಂದು ಸೈಕಲ್ ಬೆಲ್ ಇತ್ತು. ಅವನ ಹತ್ತಿರ ಸೈಕಲ್ ಇರಲಿಲ್ಲ. ಕೋಪದಲ್ಲಿದ್ದವರಿಗೆ ಕಣ್ಣೆದುರಿಗಿದ್ದದ್ದೂ ಕಾಣುವುದಿಲ್ಲ, ಅವಳು ಅತ್ತ ತಿರುಗಿ ನೋಡದೆ ದಾಟಿ ಹೋದಳು.

ಅದೇ ದಿನ ಮ್ಯಾನೇಜರಮ್ಮ ಅವಳನ್ನು ಒಳಗೆ ಕರೆದರು. ಇನ್ನೊಂದು ನಗರದಲ್ಲಿ ಹೊಸದಾಗಿ ಗ್ರಂಥಾಲಯಗಳು ತೆರೆಯುತ್ತಿವೆ, ಅಲ್ಲಿ ಎಲ್ಲವನ್ನೂ ಮೊದಲಿಂದ ಕಟ್ಟಿ ನಿಲ್ಲಿಸಲು ಯಾರಾದರೂ ಹೋಗಬೇಕು, ಎರಡು ವರ್ಷದ ಕೆಲಸ ಎಂದರು. ಬೇರೆ ದಿನವಾಗಿದ್ದರೆ ಅವಳು ಸುತರಾಂ ಒಪ್ಪುತ್ತಿರಲಿಲ್ಲ. ಈ ಊರಿನ ಒಂದೊಂದು ಸರ್ವರಿನ ಸ್ವಭಾವವೂ ಅವಳಿಗೆ ಗೊತ್ತು, ಅಕ್ಕನನ್ನು ಬಿಟ್ಟಿರುವುದೂ ಆಗದ ಮಾತು. ಆದರೆ ಆವತ್ತು, ನಾನೇ ಹೋಗ್ತೀನಿ ಎಂದುಬಿಟ್ಟಳು. ಮ್ಯಾನೇಜರಮ್ಮ ಕನ್ನಡಕ ತೆಗೆದು ಅವಳ ಮುಖ ನೋಡಿದರು. ಬುಧವಾರ ಸಂಜೆ ಇನ್ನೊಂದು ಸಲ ಕೇಳುತ್ತೇನೆ, ಆಗಲೂ ಹೂಂ ಅಂದರೆ ಕಳಿಸುತ್ತೇನೆ ಎಂದರು.

ಮಂಗಳವಾರ ಅವಳು ಮುಖ ಊದಿಸಿಕೊಂಡೇ ಒಂದು ಹೊಸ ತುಣುಕು ಬರೆದಳು. ವಿದ್ಯುತ್ ಉಳಿಸಲು, ರಜೆಯ ದಿನ ಶಾಖೆಯ ಸರ್ವರನ್ನು ಮಲಗಿಸಬೇಕಿತ್ತು. ಕೆಲವು ಶಾಖೆಗಳಿಗೆ ಬುಧವಾರ ರಜೆ. ಬುಧವಾರ ತೆರೆದಿದ್ದರೆ ಎಂದಿನಂತೆ ನಡೆ, ಇಲ್ಲದಿದ್ದರೆ ಪರದೆಗಳ ಮೇಲೆ "ಇಂದು ರಜೆ" ಎಂದು ಹಾಕಿ ಮಲಗು. ಇಷ್ಟೇ. ಏನೂ ಹೇಳದವರ ದಾರಿಯನ್ನು ಈ ಸಲ ಬೇಕೆಂದು ಬಿಟ್ಟದ್ದಲ್ಲ, ಮನಸ್ಸು ಅಲ್ಲಿರಲಿಲ್ಲ. ಡ್ರೈ ರನ್ನಿಗೆ ಕೂರಲು ಪುರುಸೊತ್ತಿಲ್ಲ, ನೀವೇ ನೋಡಿಕೊಳ್ಳಿ ಎಂದು ಬರೆದು ನಿಧಾನಿಗೆ ಕಳಿಸಿದಳು. ಹಿಂದಕ್ಕೆ ಬರುತ್ತದೆ, ಬಂದ ಕೂಡಲೇ ಹೋಗಿ ಚೆನ್ನಾಗಿ ಜಗಳವಾಡುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು.

ಹಿಂದಕ್ಕೆ ಬರಲಿಲ್ಲ. ಕಳಿಸಿದ ಬೆನ್ನಲ್ಲೇ "ಸರಿ" ಎಂದು ಬಂತು. ಅವಳಿಗೆ ಅಳು ಬರುವ ಹಾಗಾಯಿತು. ಜಗಳಕ್ಕೂ ಬೇಡವಾದೆನೇ ಎಂದುಕೊಂಡು ಬೇಗ ಮನೆಗೆ ಹೋದಳು.

ಬುಧವಾರ ಬೆಳಿಗ್ಗೆ ನದಿದಂಡೆ ಶಾಖೆಯ ಗ್ರಂಥಪಾಲಕಿ ಫೋನ್ ಮಾಡಿದರು. ಇಂದು ನಮಗೆ ರಜೆಯಂತೆ, ಯಂತ್ರಗಳೆಲ್ಲ ಹೇಳುತ್ತಿವೆ. ನಾನು ಇಲ್ಲೇ ಕೂತಿದ್ದೇನೆ, ಮಕ್ಕಳಿಗೆ ಕಥೆ ಹೇಳುವ ಹೊತ್ತಿದು, ಕೋಣೆ ತುಂಬ ಮಕ್ಕಳಿದ್ದಾರೆ, ಒಂದು ಪುಸ್ತಕ ಕೊಡುವುದಕ್ಕೂ ಯಂತ್ರ ಒಪ್ಪುತ್ತಿಲ್ಲ, ಇವರನ್ನೆಲ್ಲ ಏನು ಮಾಡಲಿ ಎಂದು ಕೇಳಿದರು. ಸರ್ವರ್ ಮಲಗಿಬಿಟ್ಟಿದ್ದರಿಂದ ಇಲ್ಲಿಂದ ಎಬ್ಬಿಸುವಂತಿರಲಿಲ್ಲ. ಅಲ್ಲಿಗೇ ಹೋಗಿ ಗುಂಡಿ ಒತ್ತಬೇಕು. ಬರೆದವಳೂ ಹೋಗಲಿ, ಸರಿ ಅಂದವನೂ ಹೋಗಲಿ ಎಂದರು ಮ್ಯಾನೇಜರಮ್ಮ.

ಬಸ್ಸಿನಲ್ಲಿ ಅವರಿಬ್ಬರ ನಡುವೆ ಒಂದು ಸೀಟು ಖಾಲಿ ಇತ್ತು. ಅದರ ಮೇಲೆ ಇಬ್ಬರ ಚೀಲಗಳೂ ಆರಾಮಾಗಿ ಒಂದಕ್ಕೊಂದು ಒರಗಿಕೊಂಡು ಕೂತಿದ್ದವು. ಅವಳು ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡಿದಳು.

ಶಾಖೆಯಲ್ಲಿ ಮಕ್ಕಳು "ಇಂದು ರಜೆ" ಎಂಬ ಪರದೆಯ ಮುಂದೆ ನಿಂತು ಬಿದ್ದು ಬಿದ್ದು ನಗುತ್ತಿದ್ದರು. ಪೇಪರ್ ಓದಲು ಬಂದಿದ್ದ ಅಜ್ಜನೊಬ್ಬರು, ಹಾಗಾದರೆ ನಾನೂ ಇಲ್ಲಿ ಇಲ್ಲ ಅಂತ ಆಯಿತು ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಗ್ರಂಥಪಾಲಕಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಬುಧವಾರ ರಜೆ ಅಂತ ನಾವ್ಯಾವಾಗ ಹೇಳಿದ್ವಮ್ಮ?"

"ತೆರೆದಿರುತ್ತೆ ಅಂತ ಹೇಳಿರಲಿಲ್ಲ, ಅದಕ್ಕೆ..." ಎಂದಳು ಸಿಡುಕಿ.

"ಹೇಳಿಲ್ಲ ಅಂದ್ರೆ ಇಲ್ಲ ಅಂತಾನಾ? ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವಾ ನಾವು?"

ಸಿಡುಕಿ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಗೆ ಹೋದಳು. ಹಳೆ ಪೇಪರುಗಳ ಕಟ್ಟುಗಳ ನಡುವೆ ಸರ್ವರ್ ಇತ್ತು. ಗುಂಡಿ ಒತ್ತಿದಳು. ಅದು ಗೊರ್ರೆಂದು ಎದ್ದು, ದೀಪಗಳನ್ನು ಒಂದೊಂದಾಗಿ ಹಚ್ಚತೊಡಗಿತು. ಪೂರ್ತಿ ಎಚ್ಚರವಾಗುವವರೆಗೆ ಕಾಯಬೇಕು. ನಿಧಾನಿ ಬಾಗಿಲಲ್ಲಿ ನಿಂತಿದ್ದ. ಆಗ ಅವಳಿಗೆ ಥಟ್ಟನೆ ಒಂದು ವಿಷಯ ಹೊಳೆಯಿತು. ಅದು ಬೆಳಿಗ್ಗೆಯೇ ಹೊಳೆಯಬೇಕಿತ್ತು.

"ನಾನು ಒಂದು ಚುಕ್ಕೆ ಬಿಟ್ರೂ ಹಿಂದಕ್ಕೆ ಕಳಿಸೋರು ನೀವು. ಇದನ್ನ ಹೇಗೆ ಬಿಟ್ರಿ?"

ಅವನು ಪೇಪರ್ ಕಟ್ಟಿನ ದಾರವನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ.

"ಓದಲಿಲ್ಲ."

"ಓದಲಿಲ್ವಾ? ನೀವಾ?"

"ನೀವು ಹೋಗ್ತಿದೀರಿ ಅಂತ ಮ್ಯಾನೇಜರ್ ಮೇಡಂ ಆಗ ತಾನೇ ಹೇಳಿದ್ರು. ನೀವು ಕಳಿಸಿದ್ದನ್ನ ತೆರೆದೆ. ಅಕ್ಷರ ಕಾಣಿಸ್ತಿತ್ತು, ತಲೆಗೆ ಹೋಗಲಿಲ್ಲ. ಏನೂ ಹೋಗಲಿಲ್ಲ. ಸರಿ ಅಂತ ಒತ್ತಿಬಿಟ್ಟೆ."

ಹೊರಗೆ ಮಕ್ಕಳ ಗಲಾಟೆ ಜೋರಾಗಿತ್ತು. ಅವಳಿಗೆ ಏನೂ ಕೇಳಿಸಲಿಲ್ಲ. ಪೆನ್ಸಿಲ್ ಪುಡಿಯನ್ನೂ ಮಡಚಿಡುವ ಮನುಷ್ಯ, ಒಂದು ಸಾಲೂ ಓದದೆ ಸರಿ ಎಂದು ಒತ್ತಿದ್ದ. ಅವಳು ಹೋಗುತ್ತಾಳೆ ಎಂಬ ಒಂದೇ ಕಾರಣಕ್ಕೆ. ಸಂತೋಷವಾಯಿತು. ಎಷ್ಟು ಸಂತೋಷವಾಯಿತೆಂದರೆ, ಅದನ್ನು ಮುಚ್ಚಿಕೊಳ್ಳಲು ಅವಳಿಗೆ ಮತ್ತೆ ಸಿಡುಕಬೇಕಾಯಿತು.

"ಹಾಗಾದ್ರೆ ಭಾನುವಾರ ಯಾಕೆ ಬರಲಿಲ್ಲ?"

"ಬಂದಿದ್ದೆ."

"ಎಲ್ಲಿಗೆ?"

"ಸೈಕಲ್ ಅಂಗಡಿವರೆಗೆ."

ಲಿಫ್ಟಿನಲ್ಲಿ ಅವಳು ಕೇಳಿದಾಗ, ನಿಜವಾಗಿ ಕರೆಯುತ್ತಿದ್ದಾಳೋ ಬಾಯಿಮಾತಿಗೆ ಕರೆಯುತ್ತಿದ್ದಾಳೋ ಎಂದು ಯೋಚಿಸುತ್ತಿದ್ದನಂತೆ. ಯೋಚಿಸಿ ಮುಗಿಯುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಭಾನುವಾರ ಒಂದು ಚೀಲ ಕಿತ್ತಳೆ ಹಣ್ಣು ಹಿಡಿದು ಬಂದನಂತೆ. ಆದರೆ ಬರುತ್ತೇನೆ ಎಂದು ಹೇಳಿರಲಿಲ್ಲವಲ್ಲ, ಹೇಳದೆ ಹೇಗೆ ಹೋಗುವುದು ಎಂದು ಮತ್ತೆ ಯೋಚನೆ. ಸುಮ್ಮನೆ ನಿಂತರೆ ಅಂಗಡಿಯವರು ಏನಂದುಕೊಂಡಾರು ಎಂದು ಬೆಲ್ ಆರಿಸುತ್ತಾ ನಿಂತನಂತೆ. ಕೊನೆಗೆ ಊಟದ ಹೊತ್ತೂ ಮೀರಿತು. ಬೆಲ್ ಕೊಂಡು ವಾಪಸು ಹೋದನಂತೆ.

"ಕಿತ್ತಳೆ?"

"ರಾತ್ರಿ ನಾನೇ ತಿಂದೆ. ಎಲ್ಲಾ."

ಸಿಡುಕಿ ಕಿಸಕ್ಕನೆ ನಕ್ಕಳು. ನಗು ನಿಲ್ಲಲಿಲ್ಲ, ಪೇಪರ್ ಕಟ್ಟಿನ ಮೇಲೆ ಕೂತುಬಿಟ್ಟಳು. ಅಂಗಡಿಯಲ್ಲಿ ತಲೆ ಚಿಟ್ಟು ಹಿಡಿಸಿಕೊಂಡವರು ನಮ್ಮ ಭಾವ ಎಂದಳು. ಅವನು ಪೆಚ್ಚಾಗಿ ಗೋಡೆಗೆ ಒರಗಿದ. ಕಿವಿಗಳು ಮೊದಲ ದಿನದ ಹಾಗೆಯೇ ಕೆಂಪಾದವು. ಈ ಸಲ ಅವಳು ಅವುಗಳನ್ನು ನಾಚಿಕೆಯಿಲ್ಲದೆ ನೋಡಿದಳು.

ಬೇಕೆಂದೇ ತಪ್ಪು ಮಾಡುತ್ತಿದ್ದೆ ಎಂದು ಅವಳೂ ಒಪ್ಪಿಕೊಂಡಳು. ಗೊತ್ತಿತ್ತು ಎಂದ ಅವನು. ಅಷ್ಟು ಜಾಣರು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುವುದಿಲ್ಲ, ಎಲ್ಲಿ ಸರಿಯಾಗಿ ಬರೆದುಬಿಡುತ್ತೀರೋ ಎಂದು ದಿನಾ ಹೆದರಿಕೆಯಾಗುತ್ತಿತ್ತು ಎಂದ.

ಅವಳು ಎದ್ದು ಅವನ ಎದುರಿಗೆ ಬಂದು ನಿಂತಳು. ನಗು ಹೋಗಿತ್ತು. ಸಂಜೆ ಮ್ಯಾನೇಜರಮ್ಮ ಕೇಳುತ್ತಾರೆ, ಉತ್ತರ ಹೇಳಬೇಕು.

"ಈಗ ಒಂದು ಪ್ರಶ್ನೆ ಕೇಳ್ತೀನಿ. ಹೌದು ಅಂದ್ರೆ ಒಂದು ದಾರಿ, ಇಲ್ಲ ಅಂದ್ರೆ ಇನ್ನೊಂದು ದಾರಿ. ಏನೂ ಹೇಳದೆ ನಿಂತ್ರೆ ಇಲ್ಲ ಅಂತ ಅಂದುಕೊಳ್ಳಲ್ಲ, ಇಲ್ಲೇ ನಿಂತು ಕೇಳ್ತಾನೇ ಇರ್ತೀನಿ. ನಾನು ಈ ಊರಲ್ಲೇ, ನಿಮ್ಮ ಜೊತೆ..."

"ಹೌದು."

ಅವಳಿಗೆ ತಬ್ಬಿಬ್ಬಾಯಿತು. ಈ ಮನುಷ್ಯ ಯಾವ ಪ್ರಶ್ನೆಗೂ ಅಷ್ಟು ಬೇಗ ಉತ್ತರ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ.

"ಪ್ರಶ್ನೆ ಇನ್ನೂ ಮುಗಿದಿಲ್ಲ."

"ಮುಗಿಸಿ. ಉತ್ತರ ಅದೇ."

ಅವಳು ಮುಗಿಸಲಿಲ್ಲ. ಅವನ ಬೆರಳಿಗೆ ಸುತ್ತಿಕೊಂಡಿದ್ದ ದಾರವನ್ನು ಬಿಡಿಸತೊಡಗಿದಳು. ದಾರ ಬಿಟ್ಟ ಮೇಲೂ ಬೆರಳನ್ನು ಬಿಡಲಿಲ್ಲ. ಅವನು ಅವಳ ಹಣೆಯಿಂದ ನಿಧಾನವಾಗಿ ನೋಟ ಇಳಿಸಿ ಕಣ್ಣಲ್ಲಿ ನಿಲ್ಲಿಸಿದ. ಓಡಿಹೋಗಲು ಈಗ ಪರದೆ ಇರಲಿಲ್ಲ, ನೋಟ ಅಲ್ಲೇ ಉಳಿಯಿತು.

ಗ್ರಂಥಪಾಲಕಿ ಬಾಗಿಲಲ್ಲಿ ಇಣುಕಿದರು. ಸರ್ವರ್ ಆಗಲೇ ಎದ್ದಾಯಿತು, ಮಕ್ಕಳೆಲ್ಲ ಪುಸ್ತಕ ತಗೊಂಡು ಹೋಗುತ್ತಿದ್ದಾರೆ, ನೀವಿಬ್ಬರೂ ಇನ್ನೂ ಯಾವುದು ಏಳಲಿ ಎಂದು ಕಾಯುತ್ತಿದ್ದೀರಿ ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಬಾಗಿಲು ಮುಂದಕ್ಕೆ ಎಳೆದುಕೊಂಡು ಹೋದರು.

ಮರಳುವಾಗ ಬಸ್ಸಿನಲ್ಲಿ ಚೀಲಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ನಡುವೆ ಖಾಲಿ ಸೀಟು ಬಿಡಲಿಲ್ಲ.

ಸಂಜೆ ಸಿಡುಕಿ ಮ್ಯಾನೇಜರಮ್ಮನ ಕೋಣೆಗೆ ಹೋಗಿ, ಹೋಗುವುದಿಲ್ಲ ಎಂದಳು. ಅವರು ಕಾರಣ ಕೇಳಲಿಲ್ಲ. ಸೋಮವಾರದ ಹೂಂ ಬಂದದ್ದು ಸಿಟ್ಟಿನಿಂದ, ಅದನ್ನು ನಾನು ಮೇಲಿನವರಿಗೆ ದಾಟಿಸಿಯೇ ಇಲ್ಲ ಎಂದು ನಕ್ಕು, ಮೊದಲು ಆ ತುಣುಕನ್ನು ಸರಿಮಾಡಿ ಎಂದು ಗದರಿಸಿ ಕಳಿಸಿದರು. ಕಿಟಕಿ ಪಕ್ಕದ ಮೇಜಿಗೆ ಇಬ್ಬರೂ ಕೂತರು. ಅವಳು ಬರೆದಳು, ಅವನು ಗಟ್ಟಿಯಾಗಿ ಓದಿದ. ಬುಧವಾರ ತೆರೆದಿದ್ದರೆ ಎಂದಿನಂತೆ ನಡೆ. ರಜೆ ಎಂದು ಹೇಳಿದ್ದರೆ ಮಲಗು. ಏನೂ ಹೇಳಿರದಿದ್ದರೆ ಏನೂ ಮಾಡಬೇಡ, ನಿಂತು ಕೇಳು. ಕೊನೆಯ ಸಾಲನ್ನು ಅವನು ಎರಡು ಸಲ ಓದಿದ. ಬೇಕೆಂದೇ.

ಮುಂದಿನ ಭಾನುವಾರ ಅಕ್ಕ ಇನ್ನೂ ತಲೆ ಬಾಚಿಕೊಳ್ಳುತ್ತಿದ್ದಳು. ಒಲೆ ಹಚ್ಚಿರಲಿಲ್ಲ, ತರಕಾರಿ ಚೀಲದಲ್ಲೇ ಇತ್ತು. ಬಾಗಿಲ ಹೊರಗೆ ಟ್ರಿಣ್ ಟ್ರಿಣ್ ಎಂದು ಸೈಕಲ್ ಬೆಲ್ ಕೇಳಿಸಿತು. ಭಾವ ಹೋಗಿ ಬಾಗಿಲು ತೆಗೆದರು. ಹೊಸಿಲ ಆಚೆ ಒಬ್ಬ ಮನುಷ್ಯ ಸೈಕಲ್ ಇಲ್ಲದೆ, ಒಂದು ಕೈಯಲ್ಲಿ ಬೆಲ್, ಇನ್ನೊಂದು ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ ಹಿಡಿದು ನಿಂತಿದ್ದ.

"ಅಯ್ಯೋ, ಇವರು ಬೆಲ್ ಗಿರಾಕಿ ಕಣೇ," ಎಂದು ಭಾವ ಒಳಗೆ ತಿರುಗಿ ಹೇಳಿದರು. "ವಾಪಸು ಕೊಡೋಕೆ ಬಂದ ಹಾಗಿದೆ."

ಅಕ್ಕ ಬಾಚಣಿಗೆ ಹಿಡಿದೇ ಓಡಿ ಬಂದಳು. ಅವನನ್ನು ನೋಡಿದಳು, ತಂಗಿಯ ಮುಖ ನೋಡಿದಳು, ಭಾವನ ತೋಳು ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು. ಸಿಡುಕಿ ಬಾಗಿಲಿಗೆ ಬಂದು ನಿಂತಳು. ಇಷ್ಟು ಬೇಗ ಬಂದರೆ ಅಡಿಗೆ ಆಗಿರುತ್ತಾ ಎಂದು ಬೈಯಬೇಕೆಂದಿದ್ದಳು. ಬೈಗುಳ ಬಾಯಿಗೆ ಬರಲಿಲ್ಲ. ಬೇರೆಯೇ ಮಾತು ಬಂತು, ನೀವು ಎನ್ನುವುದನ್ನೂ ದಾರಿಯಲ್ಲೇ ಬಿಟ್ಟು ಬಂತು.

"ಒಳಗೆ ಬರ್ತೀಯಾ?"

"ಬರ್ತೀನಿ," ಎಂದ ಅವನು, ಒಂದು ಚೂರೂ ಯೋಚಿಸದೆ.